ಉಜ್ಜದೆ ಬಿಟ್ಟ ಬಟ್ಟಲು

ಯಮನಾಕ
೯ ನವೆಂಬರ್ ೧೯೯೬

ಸಾಯೊಗೆ, ನಿನ್ನ ಅಮ್ಮ ಬರೆಯುವ ಕಾಗದ.

ಕಾಗದವೆಂದರೆ ಮೊದಲು ಋತುವಿನ ಮಾತು ಬರೆಯಬೇಕೆಂದು ನಮಗೆ ಹೈಸ್ಕೂಲಿನಲ್ಲಿ ಕಲಿಸಿದ್ದರು. ಆದ್ದರಿಂದ ಬರೆಯುತ್ತೇನೆ. ಹೊಳೆಯ ದಂಡೆಯ ಮರಗಳು ಕೆಂಪಾಗಿ, ಉದುರಿಯೂ ಆದವು. ಮೂಲಂಗಿಯನ್ನು ಸೂರಿನಡಿ ಸಾಲಾಗಿ ಒಣಹಾಕಿದ್ದೇನೆ. ಮಂಡಿಯೊಂದು ಬಿಟ್ಟರೆ ನಾನು ಗಟ್ಟಿಯಾಗಿದ್ದೇನೆ. ನೀನೂ ಗಟ್ಟಿಯಾಗಿದ್ದೀಯೆಂದು ನಮ್ಮ ಬೀದಿಯ ಮೆರುಗು ಬಳಿಯುವ ಉಮೆ ಹೇಳಿದಳು. ಅಲ್ಲಿಗೆ ಆ ಮಾತು ಮುಗಿಯಿತು.

ಇನ್ನು ನೀನು ಉಮೆಯನ್ನು ಕೇಳಿದ ಪ್ರಶ್ನೆ. ಇಲ್ಲ, ನಿಮ್ಮಪ್ಪ ಬಟ್ಟಲು ಕಡೆಯುತ್ತಿದ್ದ ತಿರುಗಣೆಯನ್ನು ಮಾರಿಲ್ಲ. ಕೇಳಿಕೊಂಡು ಇಬ್ಬರು ಬಂದಿದ್ದರು. ಚಹಾ ಕೊಟ್ಟು ಕಳಿಸಿದೆ.

ಕಳೆದ ತಿಂಗಳ ಮೊದಲಲ್ಲಿ ಉಮೆ ಯಾತ್ರೆ ಮುಗಿಸಿ ಬಂದವಳು ತನ್ನ ಮನೆಗೂ ಹೋಗದೆ, ಚೀಲ ಹೊತ್ತುಕೊಂಡೇ ನಮ್ಮ ಬಾಗಿಲಿಗೆ ಬಂದಳು. ಬಸ್ಸು ಕಿಸೊ ಕಣಿವೆಯಲ್ಲಿ ಊಟಕ್ಕೆ ನಿಂತಿತಂತೆ, ಎದುರಿನ ಅಂಗಡಿಯಲ್ಲಿ ನೀನು ಮರದ ಬಟ್ಟಲುಗಳ ನಡುವೆ ಕೂತಿದ್ದೆಯಂತೆ. "ಕಿನು, ನಿನ್ನ ಮಗಳನ್ನ ನೋಡ್ದೆ ಕಣೇ. ಮೂಗಿನ ಮೇಲೆ ಕೋಪ ಹಾಗೇ ಇದೆ. ನಿನ್ನ ಮೂಗೇ ಅಲ್ವಾ, ಎಲ್ಲಿಗೆ ಹೋಗುತ್ತೆ?" ಎಂದಳು. ಏನು ಕೇಳಿದಳು ಅಂದೆ. "ನಿನ್ನ ಸುದ್ದಿ ಕೇಳ್ಲಿಲ್ಲ. ಲೆಕ್ಕ ಹಾಕಿ ಚಿಲ್ಲರೆ ಕೊಟ್ಲು. ಬಾಗಿಲ ಹತ್ರ ಬಂದು 'ತಿರುಗಣೆ ಮಾರಿಬಿಟ್ರಾ?' ಅಂದ್ಲು. ಅಷ್ಟೇ" ಎಂದಳು. ಆಮೇಲೆ ಚೀಲದಿಂದ ಒಂದು ಬಟ್ಟಲು ತೆಗೆದು ನನ್ನ ಮುಂದಿಟ್ಟು, ಅದನ್ನು ನಾನು ನೋಡುವ ಹೊತ್ತಿಗೆ ತಾನು ಇರಬಾರದೆಂಬಂತೆ ಎದ್ದು ಹೋದಳು. ಉಮೆ ತಾನಾಗಿ ಎದ್ದು ಹೋದದ್ದನ್ನು ನಾನು ಈ ನಲವತ್ತು ವರ್ಷಗಳಲ್ಲಿ ಕಂಡಿರಲಿಲ್ಲ.

ಬಟ್ಟಲಿನ ಅಡಿಯಲ್ಲಿ ನಿನ್ನ ಹೆಸರಿಲ್ಲ. ಬೇಕಾಗಿಯೂ ಇರಲಿಲ್ಲ. ಕಿಟಕಿಯ ಬಳಿ ಕೂತು ಬೆಳಕಿಗೆ ಓರೆಯಾಗಿ ಹಿಡಿದೆ. ಉಗುರನ್ನು ಅಂಚಿನಿಂದ ತಳದವರೆಗೆ ಎಳೆದೆ. ಎಲ್ಲೂ ತಡೆಯಲಿಲ್ಲ. ತಳಕ್ಕೆ ಬಂದಾಗ ನನ್ನ ಬೆರಳು ನಿಂತಿತು. ಎಲ್ಲರ ಬಟ್ಟಲೂ ಅಲ್ಲೇ ಕೆಡುವುದು, ಅಲ್ಲಿ ಮರದ ನಾರು ತುದಿ ಮೇಲೆ ಮಾಡಿ ನಿಂತಿರುತ್ತದೆ, ಉಳಿ ಸ್ವಲ್ಪ ತಪ್ಪಿದರೂ ಕಿತ್ತು ಬರುತ್ತದೆ. ನಿನ್ನದರಲ್ಲಿ ಅದು ಕೊಳದ ನೀರು ನಿಂತಂತೆ ನಿಂತಿದೆ. ಒದ್ದೆ ಬಟ್ಟೆಯಿಂದ ಒರೆಸಿ ಕಾದೆ. ಉಜ್ಜಿದ ಮರಕ್ಕೆ ನೀರು ಸೋಕಿದರೆ ನಾರು ರೋಮದಂತೆ ಏಳುತ್ತದೆ, ಇದರಲ್ಲಿ ಒಂದೂ ಏಳಲಿಲ್ಲ. ಉಳಿಯೊಂದೇ ಮುಟ್ಟಿದ ಮೈ ಅದು.

ಅದರಲ್ಲಿ ನಾನು ಊಟ ಮಾಡಿಲ್ಲ. ದಿನಕ್ಕೊಮ್ಮೆ ಕೈಗೆ ತೆಗೆದುಕೊಂಡು ಕೂರುತ್ತೇನೆ, ಇಡುತ್ತೇನೆ.

ನಿನಗೊಂದು ಸುದ್ದಿ ತಿಳಿದಿರಲಾರದು. ಐದು ವರ್ಷದಿಂದ ಆ ತಿರುಗಣೆಯ ಮುಂದೆ ಕೂರುತ್ತಿರುವವಳು ನಾನು. ನಗಬೇಡ. ನಿಮ್ಮಪ್ಪ ತೀರಿಕೊಂಡ ಮೇಲೆ ಅದರ ಸದ್ದೂ ಅವರ ಸದ್ದೂ ಇಲ್ಲದ ಮನೆಯಲ್ಲಿ ಆರು ತಿಂಗಳು ಇದ್ದೆ. ಮದುವೆಯಾಗಿ ಬಂದ ಹೊಸತರಲ್ಲಿ ಕರೆಂಟು ಹೋದಾಗಲೆಲ್ಲ ತಿರುಗಣೆಯ ಹಗ್ಗ ಎಳೆದವಳು ನಾನು, ಅವರ ಉಳಿಯ ಸದ್ದು ನನ್ನ ತೋಳಿಗೆ ಗೊತ್ತಿತ್ತು. ಆ ಸದ್ದು ಬೇಕಾಗಿತ್ತು. ಅಷ್ಟಕ್ಕೇ ಮೋಟಾರು ಹಾಕಿದೆ. ಹಾಕಿದ ಮೇಲೆ ಒಂದು ದಿಮ್ಮಿಯ ತುಂಡು ಸಿಕ್ಕಿಸಿದೆ. ಅಲ್ಲಿಂದ ಶುರುವಾಯಿತು.

ಮೊದಲ ವರ್ಷ ಹಾಳು ಮಾಡಿದ, ಬೆಲೆಬಾಳುವ ತೊಚಿ ಮರದ ತುಂಡುಗಳು ಅರವತ್ತಕ್ಕೂ ಹೆಚ್ಚು. ಎಲ್ಲವೂ ಬಚ್ಚಲ ಒಲೆಗೆ ಹೋದವು. ಉಮೆ ಬಂದು, "ನಿಮ್ಮನೆ ಬಿಸಿನೀರು ಅರಮನೇಲೂ ಸಿಗಲ್ಲ ಬಿಡೇ, ತೊಚಿ ಮರ ಉರಿಸಿ ಕಾಯಿಸಿದ್ದು" ಎಂದು ಹೀಯಾಳಿಸಿ, ಸ್ನಾನವನ್ನೂ ಮಾಡಿಕೊಂಡು ಹೋಗುತ್ತಿದ್ದಳು.

ಗೆಂಜಿರೊನನ್ನು ಕೇಳುವುದು ಬಿಟ್ಟು ಬೇರೆ ದಾರಿ ಉಳಿಯಲಿಲ್ಲ. ನಿಮ್ಮಪ್ಪನ ಜೊತೆ ಕಲಿತವನು, ಈಗ ಹಿಂದಿನ ಬೀದಿಯಲ್ಲಿ ಒಬ್ಬನೇ ಕಡೆಯುತ್ತಾನೆ, ನಿನಗೆ ನೆನಪಿರಬೇಕು. ನಾನು ಯಾರನ್ನೂ ಏನನ್ನೂ ಕೇಳಿದವಳಲ್ಲ. ಅವನು ಬಂದು ನನ್ನ ಪಕ್ಕದಲ್ಲಿ ಕೂತು, ಒಂದು ಸಿಗರೇಟು ಮುಗಿಯುವವರೆಗೆ ನೋಡಿ ಹೇಳಿದ: "ಅತ್ತಿಗೆ, ನೀವು ಉಳಿ ಹಿಡಿದಿಲ್ಲ. ಅದರ ಕತ್ತು ಹಿಸುಕ್ತಾ ಇದೀರ. ಒತ್ತಬೇಡಿ. ಮರ ತಾನಾಗಿ ಸುತ್ಕೊಂಡು ನಿಮ್ಮ ಹತ್ರ ಬರುತ್ತೆ, ನೀವು ಸುಮ್ನೆ ಅಲ್ಲಿರಿ ಸಾಕು." ಸುಮ್ಮನೆ ಇರುವುದು ನನಗೆ ಬಾರದ ವಿದ್ಯೆ ಎಂದು ಅವನಿಗೂ ಗೊತ್ತು. ನಕ್ಕ.

ಹೊರಮೈಯನ್ನು ಬಾಯಿಂದ ಪಾದದ ಕಡೆಗೆ, ಒಳಮೈಯನ್ನು ನಡುವಿನಿಂದ ಅಂಚಿನ ಕಡೆಗೆ ತೆಗೆಯಬೇಕು, ತಿರುಗುಮುರುಗಾದರೆ ನಾರು ಎದ್ದು ನಿಲ್ಲುತ್ತದೆ. ಇದನ್ನು ನಾನು ಕಣ್ಣಿಂದ ನೋಡಿ ಬಲ್ಲವಳೇ. ಕೈಗೆ ಗೊತ್ತಿರಲಿಲ್ಲ, ಅಷ್ಟೆ. ಅಲಗನ್ನು ಓರೆ ಮಾಡುವುದು ಮಾತ್ರ ತಿಂಗಳುಗಟ್ಟಲೆ ಬರಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ ಹಸಿ ಮೀನು ಹೆಚ್ಚುತ್ತಿದ್ದೆ. ಮೀನಿಗೆ ನಾವು ಚಾಕು ಒತ್ತುತ್ತೇವೆಯೇ? ಓರೆ ಹಿಡಿದು ಬುಡದಿಂದ ತುದಿಯವರೆಗೆ ಉದ್ದಕ್ಕೆ ಎಳೆಯುತ್ತೇವೆ, ಒತ್ತಿದರೆ ಮಾಂಸ ಹರಿದು ಮಂಕಾಗುತ್ತದೆ. ಕೈಯನ್ನೂ ತೊಳೆಯದೆ ಎದ್ದು ಹೋಗಿ ತಿರುಗಣೆ ಹಾಕಿದೆ. ಮೊದಲ ಸಲ ಹೊಟ್ಟಿನ ಬದಲು ಎಳೆ ಬಂತು. ಕೂದಲಿಗಿಂತ ಸ್ವಲ್ಪ ದಪ್ಪ, ಮುಂಗೈ ಉದ್ದ. ಸಂಜೆ ಬಂದ ಗೆಂಜಿರೊ ಅದನ್ನು ಎತ್ತಿ ಮೂಸಿ, "ಮೀನಿನ ವಾಸನೆ ಬರ್ತಿದೆಯಲ್ಲ ಅತ್ತಿಗೆ" ಎಂದ. 

ನಿಮ್ಮಪ್ಪನ ಉಳಿಗಳು ನನಗೆ ಒಗ್ಗಲಿಲ್ಲ. ಅವು ಅವರ ತೋಳಿನ ಉದ್ದಕ್ಕೆ ಬಾಗಿಸಿದವು. ಸ್ವಂತ ಉಳಿಯನ್ನು ಸ್ವಂತ ಕುಲುಮೆಯಲ್ಲೇ ಬಡಿಯಬೇಕೆಂಬ ನಮ್ಮ ಊರಿನ ಕಟ್ಟಳೆ ಹೆಂಗಸಿಗೂ ತಪ್ಪುವುದಿಲ್ಲವೆಂದು ಗೆಂಜಿರೊ ಹೇಳಿದ. ಅರವತ್ನಾಲ್ಕನೇ ವಯಸ್ಸಿನಲ್ಲಿ ಕುಲುಮೆ ಹೊತ್ತಿಸಿದೆ. ಮೊದಲನೆಯದು ನೀರಿಗೆ ಅದ್ದಿದಾಗ ಠಣ್ಣೆಂದು ಬಿರಿಯಿತು. ಎರಡನೆಯದು ಹುಲ್ಲು ಕೊಯ್ಯುವ ಕುಡುಗೋಲಿನಂತೆ ಆಯಿತು. ಐದನೆಯದು ಉಳಿಯಾಯಿತು. ಅದು ನನ್ನದು.

ಇಷ್ಟನ್ನು ಬರೆದದ್ದು ಹೆಮ್ಮೆಗೆ. ಈಗ ಬರೆಯುವುದು ಹಾಗಲ್ಲ. ಇದರ ಸಲುವಾಗಿಯೇ ಈ ಕಾಗದ.

ನನ್ನ ಉಳಿ ಬಡಿಯುವುದಕ್ಕೆ ಮೊದಲು, ಒಂದು ಮಧ್ಯಾಹ್ನ, ಒಳಮೈ ನಯ ಮಾಡುವ ನಿಮ್ಮಪ್ಪನ ಕೊಕ್ಕೆ ಉಳಿಯನ್ನು ಸಾಣೆಕಲ್ಲಿಗೆ ಹಿಡಿದೆ. ನಾನು ಅದುವರೆಗೆ ಬಳಸಿದ್ದು ಅವರ ಬೇರೆ ಉಳಿಗಳನ್ನು, ಅವರು ಕೊನೆಯ ಸಲ ಕೆಳಗಿಟ್ಟ ಮೇಲೆ ಯಾರೂ ಇದನ್ನು ಮುಟ್ಟಿರಲಿಲ್ಲ. ಕಿಟಕಿಯ ಬೆಳಕಿಗೆ ಎತ್ತಿದಾಗ ಅಲಗಿನುದ್ದಕ್ಕೂ ಬಿಳಿ ಗೆರೆಯೊಂದು ಹೊಳೆಯಿತು. ನಿನಗೆ ಇದನ್ನು ಹೇಳಬೇಕಾಗಿಲ್ಲ. ಹರಿತವಾದ ಅಲಗು ಬೆಳಕಿಗೆ ಕಾಣುವುದೇ ಇಲ್ಲ. ಕಂಡರೆ ಅದು ಮೊಂಡು. ನಿಮ್ಮಪ್ಪನ ಉಳಿ ಅಡುಗೆಮನೆಯ ಸೌಟಿನಷ್ಟು ಮೊಂಡಾಗಿತ್ತು. ಹೆಬ್ಬೆರಳಿನಲ್ಲಿ ಜೀವ ಹೋಗಿತ್ತಲ್ಲ ಅವರಿಗೆ, ತಿರುಗಣೆಯ ನಲವತ್ತು ವರ್ಷದ ಅದುರಿಗೆ ಬೆರಳೆಲ್ಲ ಬೆಳ್ಳಗಾಗಿ ಮರಗಟ್ಟಿದ್ದವು. ಅಲಗನ್ನು ಹೆಬ್ಬೆರಳಿನಿಂದ ನೋಡುವುದು ಅವರ ಕ್ರಮ. ಬೆರಳು ಸುಳ್ಳು ಹೇಳುತ್ತಿತ್ತು, ಅವರು ನಂಬುತ್ತಿದ್ದರು.

ಒಂದು ಗಂಟೆ ಸಾಣೆ ಹಿಡಿದೆ. ಒರಟು ಕಲ್ಲು, ನಯ ಕಲ್ಲು, ಮತ್ತೆ ನಯ ಕಲ್ಲು. ಗೆರೆ ಮಾಯವಾಯಿತು. ಅದೇ ಉಳಿಯನ್ನು, ಏನೂ ಬಾರದ ನನ್ನ ಕೈಯಲ್ಲಿ, ತಿರುಗುತ್ತಿದ್ದ ಬಟ್ಟಲಿನ ಒಳಮೈಗೆ ತಾಗಿಸಿದೆ. ಅಂಗೈ ಅಗಲದಷ್ಟು ಜಾಗ ರೇಷ್ಮೆಯಂತೆ ಬಂತು. ಮೋಟಾರು ನಿಲ್ಲಿಸಿ ಅಲ್ಲೇ ಕೂತೆ. ಎಷ್ಟು ಹೊತ್ತು ಕೂತೆನೋ, ಉಮೆ ಸ್ನಾನಕ್ಕೆ ಬಂದು ಬಾಗಿಲು ಬಡಿದು ಹೋದಳಂತೆ, ನನಗೆ ಕೇಳಿಸಲಿಲ್ಲ.

ಏಕೆಂದರೆ ಸಾಯೊ, ಆಗ ನೆನಪಾದದ್ದು ನಿನ್ನ ಮಾತು. ನಿನಗೆ ಇಪ್ಪತ್ತು ವರ್ಷ. ನಿಮ್ಮಪ್ಪ ಕಡೆಯುತ್ತಿದ್ದಾಗ ನೀನು ಹಿಂದೆ ನಿಂತು, "ಅಪ್ಪಾ, ಇವತ್ತು ನಾನು ಸಾಣೆ ಹಿಡಿದುಕೊಡ್ಲಾ?" ಎಂದೆ. ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಅಡ್ಡ ಬಂದೆ. "ಕಡೆಯೋನ ಉಳಿಗೆ ಇನ್ನೊಬ್ರು ಸಾಣೆ ಹಿಡಿದ್ರೆ ಅದು ಅವನಿಗೆ ಮಾಡೋ ಅವಮಾನ. ಇಷ್ಟು ದಿನ ಈ ಮನೇಲಿ ಏನು ಕಲಿತೆ ನೀನು?" ಎಂದು ಗದರಿದೆ. ಕಟ್ಟಳೆಯ ಪ್ರಕಾರ ನಾನು ಹೇಳಿದ್ದು ಸರಿ. ಊರಿನಲ್ಲಿ ಯಾರನ್ನು ಕೇಳಿದರೂ ಸರಿಯೆನ್ನುತ್ತಾರೆ. ಆದರೆ ನೀನು ಉಳಿಯ ಸದ್ದು ಕೇಳಿ ಹೇಳಿದ್ದೆ. ನಾನೂ ಅದೇ ಸದ್ದು ಕೇಳಿದ್ದೆ. ಸುಯ್ಯೆನ್ನುತ್ತಿದ್ದುದು ಗರಗರ ಎನ್ನತೊಡಗಿ ಆಗಲೇ ಕೆಲವು ತಿಂಗಳಾಗಿದ್ದವು. ಅದು ಅವರ ಕೈಯ ಮುಪ್ಪು ಎಂದುಕೊಂಡೆ. ಮುಪ್ಪಿಗೆ ಮದ್ದಿಲ್ಲ, ಮುಚ್ಚಬಹುದು ಅಷ್ಟೇ ಎಂದುಕೊಂಡೆ. ಮೊಂಡು ಅಲಗು ಎಂದು ನನಗೆ ಹೊಳೆಯಲಿಲ್ಲ, ನಾನು ಉಳಿ ಹಿಡಿದವಳಲ್ಲ.

ಆ ಬಟ್ಟಲುಗಳನ್ನು ಉಜ್ಜಿದವಳು ನಾನು.

ನಾಲ್ಕು ಗಂಟೆಗೆ ಅವರು ಊರ ಸ್ನಾನದ ಮನೆಗೆ ಹೋಗುತ್ತಿದ್ದರು. ನೀನು ದಿಮ್ಮಿ ಪೇರಿಸಿದ ಅಂಗಳದಲ್ಲಿರುತ್ತಿದ್ದೆ. ನನಗೆ ಐವತ್ತು ನಿಮಿಷ ಸಿಗುತ್ತಿತ್ತು. ಹಿತ್ತಲಿನ ಕೊಳದ ಪಕ್ಕದ, ಅರದಂತೆ ಒರಟಾದ ತೊಕುಸ ಹುಲ್ಲನ್ನು ಕೊಯ್ದು, ನೆನೆಸಿ, ಸೀಳಿ, ಬೆರಳಿಗೆ ಸುತ್ತಿಕೊಂಡು ಒಳತಳವನ್ನು ಉಜ್ಜುತ್ತಿದ್ದೆ. ಮರಳುಕಾಗದ ತಂದರೆ ಅಂಗಡಿಯವರಿಗೆ ಗೊತ್ತಾಗುತ್ತದೆ, ಹುಲ್ಲಾದರೆ ಯಾರನ್ನೂ ಕೇಳಬೇಕಾಗಿಲ್ಲ. ಅಲ್ಲದೆ, ಉಳಿಯಿಂದಲೇ ನಯವಾಗುವ ನಮ್ಮ ಮನೆಯ ಬಟ್ಟಲಿಗೆ ಮರಳುಕಾಗದ ಸೋಂಕಿಲ್ಲ ಎಂಬ ಊರಿನ ಮಾತು ಸುಳ್ಳಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಎಂಥ ಜಾಣೆ ನಾನು. ಮೂರು ವರ್ಷ ಹೀಗೆ ನಡೆಯಿತು. ನಿಮ್ಮಪ್ಪ ಮರುದಿನ ಬೆಳಿಗ್ಗೆ ಬಟ್ಟಲನ್ನು ಕೈಗೆತ್ತಿಕೊಂಡು, ಆ ಸತ್ತ ಬೆರಳಿನಿಂದ ಸವರಿ, "ಇನ್ನೂ ಕೈ ನಡೀತದೆ ಕಿನು" ಎನ್ನುತ್ತಿದ್ದರು. ನಾನು ಚಹಾ ಬಗ್ಗಿಸುತ್ತಿದ್ದೆ.

ಅವರಿಗೆ ಗೊತ್ತಿರಲಿಲ್ಲ. ಇದನ್ನು ಎರಡು ಸಲ ಓದು. ನಿಮ್ಮಪ್ಪನಿಗೆ ಗೊತ್ತಿರಲಿಲ್ಲ.

ನೀನು ಮನೆ ಬಿಡುವ ಹಿಂದಿನ ದಿನದ್ದನ್ನು ನಾನು ಬರೆಯದೆ ಇದ್ದರೆ ಮೇಲಿನದೆಲ್ಲ ವ್ಯರ್ಥ. ಸಗಟು ವ್ಯಾಪಾರಿ ನಿಶಿದೆಯವರು ಕನಜಾವಾದ ಗಿರಾಕಿಯನ್ನು ಕರೆದುಕೊಂಡು ಬಂದಿದ್ದರು. ನಲವತ್ತು ಬಟ್ಟಲು, ಮೆರುಗು ಬಳಿಯುವ ಮೊದಲು ಬರಿ ಮರವನ್ನೇ ನೋಡಬೇಕೆಂಬ ಆಸೆ ಆತನಿಗೆ. ನೀನು ಅಂಗಳದಿಂದ ಬಂದು ನಮಸ್ಕರಿಸಿ ಕೂತೆ. ಒಂದನ್ನು ಎತ್ತಿದೆ. ನಿನ್ನ ಹುಬ್ಬು ಗಂಟಾದದ್ದನ್ನು ನಾನು ಅಡುಗೆಮನೆಯ ಬಾಗಿಲಿನಿಂದಲೇ ನೋಡಿದೆ. ಬೆರಳನ್ನು ಚಹಾಕ್ಕೆ ಅದ್ದಿ ಬಟ್ಟಲೊಳಗೆ ಒಂದು ಗೆರೆ ಎಳೆದೆ. ನಾವೆಲ್ಲ ನೋಡುತ್ತಿದ್ದಂತೆ ಆ ಗೆರೆಯ ಉದ್ದಕ್ಕೂ ನಾರು ನವಿರಾಗಿ ಎದ್ದಿತು, ಎಳೆ ಮಗುವಿನ ತಲೆಗೂದಲಿನ ಹಾಗೆ. "ಅಪ್ಪಾ, ಇದು ಉಳಿಯ ಮೈ ಅಲ್ಲ. ಇದನ್ನ ಉಜ್ಜಿದಾರೆ" ಎಂದೆ. ನಿನ್ನ ದನಿಯಲ್ಲಿ ದೂರಿರಲಿಲ್ಲ. ಬೆಚ್ಚಿದ್ದೆ, ಅಷ್ಟೇ. ಅವರು, "ಯಾರು ಉಜ್ಜಿದ್ದು?" ಎಂದರು.

ಆಗ ನಾನು ಹೇಳಿದ್ದು ನಿನಗೆ ನೆನಪಿದೆ. ನನಗೂ ಇದೆ. "ಯಾರು ಅಂದ್ರೆ? ಒರಟು ಕಡೆದು ಕೊಡೋಳು ಇವಳಲ್ವಾ? ತನ್ನ ತಪ್ಪು ಮುಚ್ಕೊಳ್ಳೋಕೆ ಉಜ್ಜಿಟ್ಟು, ಈಗ ಬಂದವರ ಮುಂದೆ ಅಪ್ಪನ ತಲೆಗೆ ಕಟ್ತಾ ಇದಾಳೆ."

ನೀನು ನನ್ನ ಕಡೆ ನೋಡಲೇ ಇಲ್ಲ. ಅವರನ್ನು ನೋಡಿದೆ. ಅವರು ತಮ್ಮ ಕೈಗಳನ್ನು ನೋಡಿಕೊಂಡರು, ಆಮೇಲೆ, "ಸಾಯೊ, ಉಳಿ ಕೆಳಗಿಡು" ಎಂದರು. ಮೂರು ಮಾತು. ನೀನು ನಿನ್ನ ಆರು ಉಳಿಗಳನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟು, ಬೆಳಗಿನ ಮೊದಲ ಬಸ್ಸಿಗೆ ಹೋದೆ.

ಈ ಹನ್ನೆರಡು ವರ್ಷ ನೀನು ತಿಳಿದುಕೊಂಡಿರುವುದು ನನಗೆ ಗೊತ್ತು: ಅಪ್ಪ ತಾನೇ ಉಜ್ಜಿ, ಮರ್ಯಾದೆಗೋಸ್ಕರ ಮಗಳನ್ನು ಬಲಿಕೊಟ್ಟ ಎಂದು. ಅವರು ಸಾಯುವವರೆಗೂ ತಿಳಿದುಕೊಂಡಿದ್ದದ್ದು: ಮಗಳು ಉಜ್ಜಿ, ಸುಳ್ಳು ಹೇಳಿದಳು ಎಂದು. ಇಬ್ಬರೂ ಹುಲ್ಲುಕಡ್ಡಿ ಮುಟ್ಟಿದವರಲ್ಲ. ಮುಟ್ಟಿದ ಬೆರಳು ಇದನ್ನು ಬರೆಯುತ್ತಿದೆ. ನೀನು ಹೋದ ಮೇಲೆ ಅವರು ನಯದ ಕೆಲಸ ಬಿಟ್ಟರು. ಮುಂದಿನ ವಸಂತಕ್ಕೆ ತಿರುಗಣೆಯನ್ನೇ ಬಿಟ್ಟರು. ನಿನ್ನ ಹೆಸರನ್ನು ಮನೆಯಲ್ಲಿ ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವರ ಅಂತ್ಯಕ್ರಿಯೆಗೆ ನೀನು ಬಂದು ಧೂಪ ಹಾಕಿದಾಗ, ನಾನು ಹೊರಗಿನಿಂದ ಬಂದ ಅತಿಥಿಗೆ ಬಾಗುವಂತೆ ನಿನಗೆ ಬಾಗಿದೆ. ನೀನೂ ಹಾಗೇ ಬಾಗಿದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನನ್ನಷ್ಟೇ ನೇರವಾಗಿ ಬೆನ್ನು ಬಗ್ಗಿಸಿದ್ದನ್ನು ನೋಡಿ, ಆ ಹೊತ್ತಿನಲ್ಲೂ ಹೆಮ್ಮೆಯಾಯಿತು ಎಂದರೆ ನೀನು ನಂಬುವುದಿಲ್ಲ.

ಮೊಂಡು ಉಳಿಯ ವಿಷಯ ತಿಳಿದು ನಾಲ್ಕು ವರ್ಷವಾಯಿತು. ಆಗಲೇ ಬರೆಯಬೇಕಿತ್ತು. ಬರೆಯಲಿಲ್ಲ. ಮೊದಲು ಒಂದು ಬಟ್ಟಲನ್ನಾದರೂ ಸರಿಯಾಗಿ ಕಡೆದು ಆಮೇಲೆ ಬರೆಯೋಣ, ಬರಿಗೈಯಲ್ಲಿ ನಿನ್ನ ಮುಂದೆ ನಿಲ್ಲುವುದು ಬೇಡ ಎಂದುಕೊಂಡೆ. ಇದು ನೆಪ. ನನಗೆ ಗೊತ್ತು. ಆದರೆ ನಿನ್ನ ಒಂದು ಪ್ರಶ್ನೆ ಉಮೆಯ ಬಾಯಲ್ಲಿ ಮನೆಗೆ ಬಂದ ಮೇಲೆ ನೆಪ ನಿಲ್ಲಲಿಲ್ಲ.

ಕಳೆದ ತಿಂಗಳು ಇಪ್ಪತ್ತಕ್ಕೆ ನಿಮ್ಮಪ್ಪನ, ತೀರಿಕೊಂಡ ವರ್ಷವನ್ನೂ ಸೇರಿಸಿ ಎಣಿಸುವ ಏಳನೇ ವರ್ಷದ ಪೂಜೆ ನಡೆಯಿತು. ಭಿಕ್ಷುಗಳು ಮಂತ್ರ ಮುಗಿಸಿ ಹೋದ ಮೇಲೆ ಊಟಕ್ಕೆ ಕೂತಿದ್ದೆವು. ನಿಶಿದೆಯವರು, ಗೆಂಜಿರೊ, ಉಮೆ, ಬೀದಿಯ ಇನ್ನೂ ಹತ್ತು ಜನ. ನಿಶಿದೆಯವರು ಲೋಟ ಎತ್ತಿ, ನಿಮ್ಮಪ್ಪನ ಹೆಸರು ಹಿಡಿದು, ಯಸುಕೆಯಂಥ ಕೈ ಇನ್ನು ಹುಟ್ಟುವುದಿಲ್ಲ ಎಂದು ಶುರುಮಾಡಿದರು. ನಾನು ಮಂಡಿಯೂರಿ ಕೂತಲ್ಲಿಂದಲೇ ಎಲ್ಲವನ್ನೂ ಹೇಳಿದೆ. ನಿನಗೆ ಈಗ ಬರೆದಂತೆಯೇ, ಹುಲ್ಲು, ಐವತ್ತು ನಿಮಿಷ, ನಿನ್ನ ತಲೆಗೆ ಕಟ್ಟಿದ್ದು. ನಿಶಿದೆಯವರು ಲೋಟ ಕೆಳಗಿಟ್ಟರು. "ತಾಯೀ, ಸತ್ತೋರ ಮುಂದೆ ಇಂಥಾ ಮಾತೆಲ್ಲ ಯಾಕೆ?" ಎಂದರು. "ಬದುಕಿರೋಳು ಒಬ್ಳಿದಾಳೆ, ಅವಳಿಗೋಸ್ಕರ" ಎಂದೆ.  ಉಮೆ ಮಾತ್ರ ಉಪ್ಪಿನಕಾಯಿ ಅಗಿಯುತ್ತಾ, "ನಂಗೆ ಗೊತ್ತಿತ್ತು" ಎಂದಳು. ಆ ಬಟ್ಟಲುಗಳಿಗೆ ಮೆರುಗು ಬಳಿದವಳು ಅವಳಲ್ಲವೇ. ಉಜ್ಜಿದ ಮರ ಮೆರುಗನ್ನು ಕುಡಿಯುವ ರೀತಿಯೇ ಬೇರೆ. ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಎಂದು ನಾನು ಸಿಡುಕಿದೆ. "ನೀನು ಕೇಳಿದ್ಯಾ? ನೀನು ಕೇಳದೆ ನಿನ್ನೆದುರಿಗೆ ಬಾಯಿ ಬಿಡೋ ಗಂಡಸು ಹೆಂಗಸು ಈ ಊರಲ್ಲಿ ಯಾರಿದಾರೆ ತೋರ್ಸು. ಒಬ್ಳಿದ್ಲು. ಅವಳನ್ನೂ ಓಡಿಸ್ದೆ" ಎಂದಳು.  ನಾನು ಎಲ್ಲರಿಗೂ ಅನ್ನ ಬಡಿಸಿದೆ.

ಆದ್ದರಿಂದ ಈಗ ಈ ಊರಿನಲ್ಲಿ ನಿನ್ನ ಮಾತು ನಿಜವೆಂದು ನಿಂತಿದೆ. ಸ್ನಾನದ ಮನೆಯಲ್ಲಿ ಕೆಲವರು ನನ್ನ ಪಕ್ಕದಿಂದ ಸರಿದು ಕೂರುತ್ತಾರೆ. ಕೂರಲಿ, ಜಾಗ ಅಗಲವಾಯಿತು.

ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. ಬಾರದ ಕೈಯಲ್ಲಿ ಹಿಡಿದರೆ ಮಾತೂ ನಾರು ಕೀಳುತ್ತದೆ. ಆದ್ದರಿಂದ ನಾನು ಮಾಡಿದ್ದನ್ನು ಮಾಡಿದೆ ಎಂದು ಬರೆದಿದ್ದೇನೆ. ನೀನು ಅದನ್ನು ಏನು ಬೇಕಾದರೂ ಮಾಡಿಕೊ.

ಇದರ ಜೊತೆ ಪೊಟ್ಟಣದಲ್ಲಿ ಒಂದು ಬಟ್ಟಲಿದೆ. ನಾನು ಕಡೆದದ್ದು, ಈ ತಿಂಗಳಿನದು. ಕೊನೆಯ ಸುತ್ತಿಗೆ ಮೊದಲು ಹೊಸದಾಗಿ ಸಾಣೆ ಹಿಡಿದಿದ್ದೇನೆ, ಅಲಗು ಓರೆ ಮಾಡಿದ್ದೇನೆ, ಉಸಿರು ಕಟ್ಟಿ ನಿಧಾನ ಎಳೆದಿದ್ದೇನೆ. ಹೊರಮೈ ಬಗ್ಗೆ ನನಗೆ ಅಂಜಿಕೆಯಿಲ್ಲ. ಒಳಗೆ ಅಂಚಿನಿಂದ ಮುಕ್ಕಾಲು ಪಾಲು ನಯವಾಗಿದೆ. ತಳದ ನಡುವೆ ಒಂದು ಕುಂಬಳ ಬೀಜದಗಲ ನಾರು ಕಿತ್ತು ಬಂದಿದೆ. ಬೆರಳಿಟ್ಟರೆ ತಿಳಿಯುತ್ತದೆ. ತೊಕುಸ ಹುಲ್ಲು ಈಗಲೂ ಹಿತ್ತಲಿನಲ್ಲಿ ಬೆಳೆಯುತ್ತದೆ, ಎರಡು ನಿಮಿಷದ ಕೆಲಸ. ಉಜ್ಜಲಿಲ್ಲ. ಇದ್ದ ಹಾಗೇ ಕಳಿಸಿದ್ದೇನೆ.

ಗೆಂಜಿರೊ ತಳಕ್ಕೆ ಒದ್ದೆ ಬಟ್ಟೆ ಒತ್ತಿ ನಾರನ್ನು ಮೆತ್ತಗೆ ಮಾಡಿ ಆಮೇಲೆ ಎಳೆಯಿರಿ ಎನ್ನುತ್ತಾನೆ. ಮಾಡಿದೆ, ಅರ್ಧ ಗುಣವಾಯಿತು. ನಡುವಿನಲ್ಲಿ ಮರ ತಿರುಗುವುದೇ ಇಲ್ಲವೇನೋ ಎಂಬಷ್ಟು ನಿಧಾನವಾಗುತ್ತದಲ್ಲ, ಅಲ್ಲಿ ಉಳಿಯನ್ನು ಯಾವಾಗ ಇಳಿಸಬೇಕು? ನಿನ್ನ ಬಟ್ಟಲಿನ ತಳದಲ್ಲಿ ಇಳಿಸಿದ ಗುರುತೇ ಇಲ್ಲ. ಗೆಂಜಿರೊನಿಗೆ ತೋರಿಸಿದೆ. ಅವನು ಬಹಳ ಹೊತ್ತು ತಿರುಗಿಸಿ ನೋಡಿ, "ಇದು ಯಸುಕೆಗೂ ಬರ್ತಿರ್ಲಿಲ್ಲ ಅತ್ತಿಗೆ. ಇದನ್ನ ಬರೆದು ಕೇಳಿದ್ರೆ ಗೊತ್ತಾಗಲ್ಲ. ಪಕ್ಕದಲ್ಲಿ ಕೂತು ನೋಡ್ಬೇಕು" ಎಂದ. ಅವನು ಹೇಳಿದ್ದನ್ನು ಹಾಗೇ ಬರೆದಿದ್ದೇನೆ. ನನ್ನ ಮಾತಲ್ಲ.

ನಿನ್ನ ಆರು ಉಳಿಗಳು ತುಕ್ಕು ಹಿಡಿದಿಲ್ಲ. ಎಣ್ಣೆ ಬಟ್ಟೆಯಲ್ಲಿ ಸುತ್ತಿದ್ದೇನೆ. ಹನ್ನೆರಡು ವರ್ಷ, ತಿಂಗಳಿಗೊಮ್ಮೆ ಬಿಚ್ಚಿ ಒರೆಸಿ ಕಟ್ಟುತ್ತೇನೆ. ಮಹಡಿಯ ಕೋಣೆಯ ಚಾಪೆ ಹಳೆಯದಾಗಿತ್ತು, ಬೇಸಿಗೆಯಲ್ಲಿ ಹೊಸದು ಹಾಕಿಸಿದೆ. ಹಾಕಿಸಲೇಬೇಕಿತ್ತು, ಹುಳು ಹಿಡಿದಿತ್ತು. ನಾನು ಮೇಲೆ ಮಲಗುವುದಿಲ್ಲ, ಮೆಟ್ಟಿಲು ಮಂಡಿಗೆ ಆಗುವುದಿಲ್ಲ.

ಊಟ ಸರಿಯಾಗಿ ಮಾಡು. ಚಳಿಗೆ ಬೆರಳು ಬೆಳ್ಳಗಾಗುತ್ತಿದ್ದರೆ ಆ ದಿನ ಮೋಟಾರು ಹಾಕಬೇಡ, ಬಿಸಿನೀರಿನಲ್ಲಿ ಕೈ ಇಟ್ಟುಕೋ. ಅಲಗನ್ನು ಹೆಬ್ಬೆರಳಿನಿಂದ ನೋಡಬೇಡ, ಕಿಟಕಿಯ ಬೆಳಕಿಗೆ ಹಿಡಿದು ನೋಡು. ಇದು ಅಪ್ಪಣೆ.

ನಿನ್ನ ತಾಯಿ,
ಅಸಾಯಿ ಕಿನು

ಮತ್ತೆ ಸೇರಿಸಿದ್ದು: ಲಕೋಟೆ ಅಂಟಿಸಿ ಆಗಿತ್ತು, ಕಿತ್ತು ಬರೆಯುತ್ತಿದ್ದೇನೆ. ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ. ನಿಮ್ಮಪ್ಪ ನಿನ್ನ ಹೆಸರು ಎತ್ತಲಿಲ್ಲ ಎಂಬುದು ನಿಜವಲ್ಲ. ತೀರಿಕೊಳ್ಳುವ ವರ್ಷ, ಹಾಸಿಗೆ ಹಿಡಿದ ಮೇಲೆ, ಒಂದು ಬೆಳಿಗ್ಗೆ ನನ್ನನ್ನು ಕರೆದು, "ಯಾರು ಉಜ್ಜಿದ್ರೆ ಏನು ಕಿನು, ಸಾಯೊಗೆ ಕಾಗದ ಬರಿ. ಹಿಮ ಬೀಳೋಕೆ ಮುಂಚೆ ಒಂದ್ಸಲ ಬಂದು ಹೋಗ್ಲಿ" ಎಂದರು.  ಬರೆದರೆ ನೀನು ಬರುತ್ತೀಯ, ಬಂದರೆ ನೀವಿಬ್ಬರೂ ಮಾತಾಡುತ್ತೀರಿ, ಮಾತಾಡಿದರೆ ನಾನು ಸಿಕ್ಕಿಬೀಳುತ್ತೇನೆ ಎಂದು ಹೆದರಿದೆ. ಬರೆಯಲಿಲ್ಲ. ಬರೆದೆ ಎಂದು ಅವರಿಗೆ ಹೇಳಿದೆ. ಅವರು ದಿನವೂ ಅಂಚೆಯವನ ಗಂಟೆ ಕೇಳುತ್ತಾ ಮಲಗಿದ್ದರು. ಹಿಮ ಬೀಳುವ ಹೊತ್ತಿಗೆ ಅವರಿರಲಿಲ್ಲ. ಆ ಕಾಗದ ಇದು. ಆರು ವರ್ಷ ತಡವಾಗಿ ನಿನಗೆ ತಲುಪಿಸುತ್ತಿದ್ದೇನೆ. ಇಲ್ಲಿ ಈ ವರ್ಷ ಇನ್ನೂ ಹಿಮ ಬಿದ್ದಿಲ್ಲ.